ಅಲ್ಲ ಮತ್ತು ಇಲ್ಲ: ಗಣಕದ ದ್ವಿಮೌಲ್ಯ ತರ್ಕವನ್ನು ಕುರಿತು ಒಂದು ವಿಮರ್ಶೆ

1. ಪ್ರಶ್ನೆಯ ಸ್ವರೂಪ

ಗಣಕವನ್ನು ಪರಿಚಯಿಸುವ ಕನ್ನಡ ಬರಹಗಳಲ್ಲಿ ಒಂದು ಹೇಳಿಕೆ ಬೇರೆ ಬೇರೆ ರೂಪಗಳಲ್ಲಿ ಮರಳಿ ಮರಳಿ ಬರುತ್ತದೆ: ಯಂತ್ರಕ್ಕೆ ತಿಳಿಯುವುದು ‘ಹೌದು’ ಮತ್ತು ‘ಇಲ್ಲ’ ಎಂಬ ಎರಡೇ ಮಾತು, 1 ಎಂದರೆ ಹೌದು, 0 ಎಂದರೆ ಇಲ್ಲ. ಈ ಹೇಳಿಕೆಯಿಂದ ಪರಸ್ಪರ ವಿರುದ್ಧವಾದ ಎರಡು ನಿರ್ಣಯಗಳನ್ನು ಹೊರಡಿಸುವುದು ವಾಡಿಕೆ. ಮನುಷ್ಯನ ಚಿಂತನೆಯೂ ಕೊನೆಗೆ ಹೌದು-ಇಲ್ಲಗಳ ಸರಪಳಿಯೇ ಆಗಿರುವುದರಿಂದ ಯಂತ್ರವೂ ಮನಸ್ಸೂ ಒಂದೇ ಜಾತಿಯವು ಎಂಬುದು ಒಂದು. ಮನುಷ್ಯನ ಚಿಂತನೆ ಹೌದು-ಇಲ್ಲಗಳನ್ನು ಮೀರಿದ್ದು, ಅದ್ವೈತದ ‘ಅನಿರ್ವಚನೀಯ’ವೇ ಅದಕ್ಕೆ ಸಾಕ್ಷಿ, ಆದ್ದರಿಂದ ಯಂತ್ರವು ಮನಸ್ಸನ್ನು ಮುಟ್ಟಲಾರದು ಎಂಬುದು ಇನ್ನೊಂದು.

ಈ ಎರಡು ನಿರ್ಣಯಗಳಿಗೂ ಆಧಾರವಾಗಿರುವ ಮೊದಲ ಹೇಳಿಕೆಯೇ ಪರೀಕ್ಷೆಗೆ ನಿಲ್ಲುವುದಿಲ್ಲ ಎಂಬುದು ಪ್ರಸ್ತುತ ಲೇಖನದ ವಾದ. ಕನ್ನಡದಲ್ಲಿ ‘ಹೌದು’ ಎಂಬುದರ ಜೋಡಿ ‘ಅಲ್ಲ’. ‘ಇಲ್ಲ’ ಎಂಬುದರ ಜೋಡಿ ‘ಇದೆ’ ಅಥವಾ ‘ಉಂಟು’. ಹೌದು-ಇಲ್ಲ ಎಂದು ಹೇಳುವಾಗ ನಾವು ಎರಡು ಜೋಡಿಗಳಿಂದ ಒಂದೊಂದು ಪದವನ್ನು ಕಿತ್ತು ಮೂರನೆಯ ಜೋಡಿಯೊಂದನ್ನು ಕಟ್ಟಿದ್ದೇವೆ. ಇದು ಅನುವಾದದ ಸಣ್ಣ ತೊಡಕಿನಂತೆ ಕಂಡರೂ ಇದರ ಹಿಂದೆ ತರ್ಕಶಾಸ್ತ್ರದ ಒಂದು ಮುಖ್ಯ ಪ್ರಶ್ನೆ ಅಡಗಿದೆ: ನಿಷೇಧವೆಂಬುದು ಒಂದೇ ಬಗೆಯದೋ? ಈ ಪ್ರಶ್ನೆಯನ್ನು ಬಿಡಿಸಿಕೊಂಡರೆ ಯಂತ್ರದ ಎರಡಕ್ಕೂ ಚಿಂತನೆಯ ಎರಡಕ್ಕೂ ಇರುವ ಸಂಬಂಧ ಸ್ಪಷ್ಟವಾಗುತ್ತದೆ.

2. ‘ಎರಡು’ ಎಂಬುದರ ಮೂರು ಅರ್ಥಗಳು

‘ಬೈನರಿ’ ಎಂಬ ಒಂದೇ ಪದದಡಿಯಲ್ಲಿ ಮೂರು ಸಂಗತಿಗಳು ಬೆರೆತುಹೋಗಿವೆ. ಮೊದಲನೆಯದು ದ್ವಿಮಾನ, ಅಂದರೆ ಎರಡನ್ನು ಆಧಾರವಾಗಿಟ್ಟ ಎಣಿಕೆ. ಎರಡನೆಯದು ದ್ವಿಸ್ಥಿತಿ, ಅಂದರೆ ಎರಡರಲ್ಲಿ ಒಂದು ನೆಲೆಯಲ್ಲಷ್ಟೇ ನಿಲ್ಲಬಲ್ಲ ಭೌತಿಕ ಸಾಧನ. ಮೂರನೆಯದು ದ್ವಿಮೌಲ್ಯ, ಅಂದರೆ ಪ್ರತಿಯೊಂದು ಪ್ರತಿಜ್ಞಾವಾಕ್ಯವೂ ಸತ್ಯ ಇಲ್ಲವೇ ಮಿಥ್ಯೆ ಎಂಬ ತಾರ್ಕಿಕ ಸಿದ್ಧಾಂತ. ಇವು ಮೂರೂ ಬೇರೆ ಬೇರೆ ಕಾಲಗಳಲ್ಲಿ, ಬೇರೆ ಬೇರೆ ಉದ್ದೇಶಗಳಿಂದ ಹುಟ್ಟಿದವು.

ಲೈಬ್ನಿಟ್ಸ್ 1703ರಲ್ಲಿ ಪ್ರಕಟಿಸಿದ ಲೇಖನವು ದ್ವಿಮಾನ ಎಣಿಕೆಯನ್ನು ಕುರಿತದ್ದು. 1ರಲ್ಲಿ ದೇವರನ್ನೂ 0ಯಲ್ಲಿ ಶೂನ್ಯವನ್ನೂ ಕಂಡದ್ದು ಅವನ ದೈವಶಾಸ್ತ್ರ. ಎಣಿಕೆಯ ಕ್ರಮಕ್ಕೆ ಅದರ ಅಗತ್ಯವಿರಲಿಲ್ಲ. ಜಾರ್ಜ್ ಬೂಲ್ 1854ರಲ್ಲಿ ಚಿಂತನೆಯ ನಿಯಮಗಳನ್ನು ಕುರಿತು ಬರೆದ ಗ್ರಂಥದಲ್ಲಿ 1 ಎಂಬುದು ಚರ್ಚೆಯಲ್ಲಿರುವ ಸಮಸ್ತ ವಸ್ತುಗಳ ಸಮೂಹ, 0 ಎಂಬುದು ಯಾವ ವಸ್ತುವೂ ಇಲ್ಲದ ಸಮೂಹ. ಅಲ್ಲಿ ಒಂದು ಸಮೂಹದ ನಿಷೇಧವೆಂದರೆ ಸಮಸ್ತದಿಂದ ಅದನ್ನು ಕಳೆದ ಮೇಲೆ ಉಳಿದದ್ದು. ಕ್ಲಾಡ್ ಶಾನನ್ 1937ರ ತನ್ನ ಸ್ನಾತಕೋತ್ತರ ಪ್ರಬಂಧದಲ್ಲಿ ಈ ಬೀಜಗಣಿತವನ್ನು ರಿಲೇ ಮಂಡಲಗಳಿಗೆ ಅನ್ವಯಿಸಿದ. ಅವನು ಅಳೆದದ್ದು ಮಂಡಲವು ಒಡ್ಡುವ ತಡೆಯನ್ನು; ಹೀಗಾಗಿ ಅವನಲ್ಲಿ ವಿದ್ಯುತ್ತು ಹರಿಯುವ ಮುಚ್ಚಿದ ಮಂಡಲಕ್ಕೆ 0, ಹರಿಯದ ತೆರೆದ ಮಂಡಲಕ್ಕೆ 1. ‘0 ಎಂದರೆ ವಿದ್ಯುತ್ತು ಇಲ್ಲ’ ಎಂಬ ಇಂದಿನ ಪಾಠಕ್ಕೆ ಇದು ತದ್ವಿರುದ್ಧ. ಎರಡು ಸ್ಥಿತಿಗಳಿಗೆ ಯಾವ ಅಂಕಿಯನ್ನು ಕೊಡಬೇಕೆಂಬುದು ಆದಿಯಿಂದಲೂ ಒಪ್ಪಂದದ ಮಾತಾಗಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ.

ದ್ವಿಸ್ಥಿತಿಯೂ ವಿದ್ಯುತ್ತಿನ ಸಹಜ ಗುಣವಲ್ಲ. 5 ವೋಲ್ಟ್‌ನ ಟಿಟಿಎಲ್ ಮಂಡಲಗಳಲ್ಲಿ ಒಳಬರುವ ವೋಲ್ಟೇಜು 0.8ಕ್ಕಿಂತ ಕಡಿಮೆಯಿದ್ದರೆ ಅದನ್ನು ಒಂದು ಸ್ಥಿತಿಯೆಂದೂ 2ಕ್ಕಿಂತ ಹೆಚ್ಚಿದ್ದರೆ ಇನ್ನೊಂದು ಸ್ಥಿತಿಯೆಂದೂ ಓದಲಾಗುತ್ತದೆ. ನಡುವಿನ ಅಂತರ ಯಾರಿಗೂ ಸೇರದ ಗಡಿಭೂಮಿ. ವೋಲ್ಟೇಜು ಎಡೆಬಿಡದೆ ಏರಿಳಿಯುವ ಪ್ರಮಾಣ; ಗದ್ದಲದಿಂದ ತಪ್ಪು ಓದದಿರಲೆಂದು ಎಂಜಿನಿಯರು ಅದನ್ನು ಎರಡು ಪಾಲು ಮಾಡುತ್ತಾನೆ. ಎರಡೇ ಏಕೆ ಎಂಬ ಪ್ರಶ್ನೆಗೂ ಉತ್ತರ ತಾಂತ್ರಿಕವಾದದ್ದು. 1958ರಲ್ಲಿ ಮಾಸ್ಕೋ ವಿಶ್ವವಿದ್ಯಾನಿಲಯದಲ್ಲಿ ಸಿದ್ಧವಾದ ‘ಸೆತುನ್’ ಗಣಕವು ಮೂರರ ಆಧಾರದ ಮೇಲೆ ನಡೆಯುತ್ತಿತ್ತು.

ನಮ್ಮ ಛಂದಶ್ಶಾಸ್ತ್ರದ ಮಾತನ್ನೂ ಇಲ್ಲಿಯೇ ಹೇಳಬೇಕು. ಪಿಂಗಳನ ಪ್ರಸ್ತಾರಕ್ರಮವನ್ನು ಮುಂದಿಟ್ಟು ಗಣಕದ ತರ್ಕ ಭಾರತದಲ್ಲೇ ಹುಟ್ಟಿತೆಂದು ಹೇಳುವವರಿದ್ದಾರೆ. ಲಘು ಗುರುಗಳಿಂದ ಮೂರಕ್ಷರದ ಎಂಟು ಗಣಗಳು ಹೊರಡುವುದೂ, ಕನ್ನಡದ ಅಂಶಛಂದಸ್ಸಿನಲ್ಲಿ ಬ್ರಹ್ಮಗಣಕ್ಕೆ 4, ವಿಷ್ಣುಗಣಕ್ಕೆ 8, ರುದ್ರಗಣಕ್ಕೆ 16 ರೂಪಗಳು ದೊರೆಯುವುದೂ ದ್ವಿಮಾನ ವಿಸ್ತರಣೆಯ ನಿಜವಾದ ಉದಾಹರಣೆಗಳೇ. ಆದರೆ ಪ್ರಸ್ತಾರದಲ್ಲಿ ಲಘುವು ಗುರುವಿನ ನಿಷೇಧವಲ್ಲ. ಅಲ್ಲಿ ಸತ್ಯವೂ ಇಲ್ಲ, ಮಿಥ್ಯೆಯೂ ಇಲ್ಲ, ರೂಪಗಳ ಪಟ್ಟಿಯಿದೆ. ಅದು ದ್ವಿಮಾನ, ದ್ವಿಮೌಲ್ಯವಲ್ಲ. ಈ ಭೇದವನ್ನು ಮರೆತು ಪಿಂಗಳನನ್ನು ಹೊಗಳಿದರೆ ಅವನ ನಿಜವಾದ ಸಾಧನೆಯೇ ಮಸುಕಾಗುತ್ತದೆ.

3. ಕನ್ನಡದ ಎರಡು ನಿಷೇಧಗಳು

ಶೃಂಗೇರಿ ತಾಲ್ಲೂಕಿನ ಬೇಗಾರು, ಕೊಪ್ಪ, ನರಸಿಂಹರಾಜಪುರಗಳನ್ನೊಳಗೊಂಡ ಅಡಕೆ ಸೀಮೆಯ ಸಂದರ್ಭಗಳನ್ನೇ ಇಟ್ಟುಕೊಂಡು ಉದಾಹರಣೆಗಳನ್ನು ಕಟ್ಟಿಕೊಳ್ಳೋಣ.

(1) ಇದು ಬೆಟ್ಟೆ ಅಲ್ಲ.
(2) ಇಲ್ಲಿ ಬೆಟ್ಟೆ ಇಲ್ಲ.
(3) ಅವರು ಕೊನೆಗಾರರು ಅಲ್ಲ.
(4) ನಮಗೆ ಕೊನೆಗಾರರು ಇಲ್ಲ.

(1)ರಲ್ಲಿ ಒಂದು ವಸ್ತು ಎದುರಿಗಿದೆ. ಅದು ಬೆಟ್ಟೆಯ ದರ್ಜೆಯದಲ್ಲ, ರಾಶಿಯೋ ಗೊರಬಲೋ ಆಗಿರಬಹುದು. (2)ರಲ್ಲಿ ಒಂದು ಎಡೆಯಿದೆ; ಆ ಎಡೆಯಲ್ಲಿ ಹೆಸರಿಸಿದ ವಸ್ತುವಿಲ್ಲ. ‘ಅಲ್ಲ’ ಎಂದೊಡನೆ ಕೇಳುಗನ ಮನಸ್ಸಿನಲ್ಲಿ ಏಳುವ ಪ್ರಶ್ನೆ ‘ಹಾಗಾದರೆ ಮತ್ತೇನು?’ ಎಂಬುದು. ‘ಇಲ್ಲ’ ಎಂದಾಗ ಏಳುವ ಪ್ರಶ್ನೆ ‘ಎಲ್ಲಿ? ಯಾವಾಗ? ಯಾರಿಗೆ?’ ಎಂಬುದು. (3) ಮತ್ತು (4)ರಲ್ಲೂ ಇದೇ ಭೇದವಿದೆ. ಮೊದಲನೆಯದು ಒಬ್ಬರ ಕಸುಬನ್ನು ಕುರಿತದ್ದು. ಎರಡನೆಯದು ಕೊಯ್ಲಿನ ಕಾಲದಲ್ಲಿ ತೋಟದವರನ್ನು ಕಾಡುವ ಕೊರತೆ.

ಕ್ರಿಯಾವಾಕ್ಯಗಳಲ್ಲಿ ಭೇದವು ಇನ್ನಷ್ಟು ಸೂಕ್ಷ್ಮವಾಗುತ್ತದೆ.

(5) ಕೊನೆಗಾರರು ನಿನ್ನೆ ಬರಲಿಲ್ಲ.
(6) ಕೊನೆಗಾರರು ಬಂದದ್ದು ನಿನ್ನೆ ಅಲ್ಲ.

(5)ರಲ್ಲಿ ಬರುವಿಕೆಯೇ ನಡೆದಿಲ್ಲ ಎಂಬುದು ಸಹಜವಾದ ಅರ್ಥ. (6)ರಲ್ಲಿ ಅವರು ಬಂದಿದ್ದಾರೆ ಎಂಬುದು ಪೂರ್ವಗೃಹೀತ. ನಿಷೇಧಕ್ಕೆ ಒಳಗಾದದ್ದು ದಿನ ಮಾತ್ರ. ಸತ್ಯ-ಮಿಥ್ಯೆಗಳ ಲೆಕ್ಕದಲ್ಲಿ ಎರಡೂ ಒಂದೊಂದು ನಿಷೇಧ. ಆದರೆ ಯಾವುದು ಪ್ರಶ್ನೆಯಲ್ಲಿದೆ, ಯಾವುದು ಪ್ರಶ್ನೆಯ ಹೊರಗಿದೆ ಎಂಬುದನ್ನು ವ್ಯಾಕರಣವೇ ಗುರುತಿಸಿಕೊಟ್ಟಿದೆ.

ಉತ್ತರಪದಗಳ ವ್ಯವಸ್ಥೆಯಲ್ಲೂ ಇದೇ ವಿಂಗಡಣೆ ಕಾಣುತ್ತದೆ. ‘ನೀವು ಬೇಗಾರಿನವರೋ?’ ಎಂದರೆ ‘ಹೌದು’ ಅಥವಾ ‘ಅಲ್ಲ’. ‘ಮನೆಯಲ್ಲಿ ಬೀಜದ ಭತ್ತ ಉಂಟೋ?’ ಎಂದರೆ ‘ಉಂಟು’ ಅಥವಾ ‘ಇಲ್ಲ’. ‘ಕಾಫಿ ಬೇಕೋ?’ ಎಂದರೆ ‘ಬೇಕು’ ಅಥವಾ ‘ಬೇಡ’. ‘ಆಗು’ ಧಾತುವಿನಿಂದ ಬಂದ ‘ಅಹುದು’ ಎಂಬುದೇ ಇಂದಿನ ‘ಹೌದು’. ಆಗಿರುವಿಕೆಯನ್ನು ಒಪ್ಪುವ ಈ ಪದಕ್ಕೆ ಆಗಿರುವಿಕೆಯನ್ನು ನಿರಾಕರಿಸುವ ‘ಅಲ್ಲ’ ಜೋಡಿಯಾಗುವುದು ಸಹಜ. ಕನ್ನಡದಲ್ಲಿ ಎರಡರ ಜೋಡಿಗಳು ಇಲ್ಲವೆಂದಲ್ಲ. ಒಂದಕ್ಕಿಂತ ಹೆಚ್ಚು ಇವೆ. ಸರ್ವಪ್ರಶ್ನೆಗಳಿಗೂ ಸಲ್ಲುವ ಏಕೈಕ ಜೋಡಿಯೊಂದು ಈ ವ್ಯವಸ್ಥೆಯಲ್ಲಿ ಕಾಣುವುದಿಲ್ಲ.

ಈ ಮೇಲಿನ ವಾಕ್ಯದಲ್ಲೇ ಬಂದ ‘ಇಲ್ಲವೆಂದಲ್ಲ’ ಎಂಬ ರೂಪವನ್ನು ಗಮನಿಸಬೇಕು. ಬೂಲ್‌ನ ಬೀಜಗಣಿತದಲ್ಲಿ ನಿಷೇಧದ ನಿಷೇಧವು ಮೂಲಕ್ಕೇ ಮರಳುತ್ತದೆ. ಕನ್ನಡದಲ್ಲಿ ‘ಕೊನೆಗಾರರು ಇಲ್ಲ ಅಂತಲ್ಲ’ ಎಂಬುದು ‘ಕೊನೆಗಾರರು ಇದ್ದಾರೆ’ ಎಂಬುದಕ್ಕೆ ಸಮವಾಗಿ ಕೇಳಿಸುವುದಿಲ್ಲ. ಒಳಗಿನ ‘ಇಲ್ಲ’ ಲೋಕವನ್ನು ಕುರಿತದ್ದು. ಹೊರಗಿನ ‘ಅಲ್ಲ’ ಆ ಮಾತನ್ನು ಕುರಿತದ್ದು. ಲಾರೆನ್ಸ್ ಹಾರ್ನ್ 1985ರಲ್ಲಿ ವಿವರಿಸಿದ ‘ಮಾತಿನ ಮೇಲಣ ನಿಷೇಧ’ಕ್ಕೆ ಕನ್ನಡವು ಇಲ್ಲಿ ಬೇರೆಯೇ ಪದವನ್ನು ಒದಗಿಸಿದೆ. ಸತ್ಯಮೌಲ್ಯವು ಮೂಲಕ್ಕೆ ಮರಳಬಹುದು. ಆದರೆ ಹೇಳಿದ್ದು ಮರಳುವುದಿಲ್ಲ.

ಈ ಭೇದ ಕನ್ನಡದ ಸ್ವತ್ತು ಮಾತ್ರವಲ್ಲ. ಘಟ್ಟದ ಕೆಳಗಿನ ತುಳುವಿನಲ್ಲಿ ‘ಅತ್ತ್’ ಮತ್ತು ‘ಇಜ್ಜಿ’, ತೆಲುಗಿನಲ್ಲಿ ‘ಕಾದು’ ಮತ್ತು ‘ಲೇದು’, ಮಲಯಾಳದಲ್ಲಿ ‘ಅಲ್ಲ’ ಮತ್ತು ‘ಇಲ್ಲ’ ಇವೆ. ಆಡುಮಾತಿನ ತಮಿಳಿನಲ್ಲಿ ‘ಇಲ್ಲೈ’ ಎಂಬುದೊಂದೇ ಎರಡೂ ಕೆಲಸಗಳನ್ನು ವಹಿಸಿಕೊಂಡಿದೆ. ಈ ಕೊನೆಯ ಸಂಗತಿ ನಮ್ಮ ವಾದಕ್ಕೆ ಒಂದು ಮಿತಿಯನ್ನು ಹಾಕುತ್ತದೆ. ಅದನ್ನು ಆರನೆಯ ಭಾಗದಲ್ಲಿ ಎತ್ತಿಕೊಳ್ಳಲಾಗಿದೆ.

4. ಅಭಾವದ ವಿಂಗಡಣೆ ಮತ್ತು ಯಂತ್ರದ ಶೂನ್ಯ

ಈ ಭೇದಕ್ಕೆ ಶಾಸ್ತ್ರೀಯವಾದ ನಿರೂಪಣೆ ನ್ಯಾಯ-ವೈಶೇಷಿಕರಲ್ಲಿ ದೊರೆಯುತ್ತದೆ. ಅವರು ಅಭಾವವನ್ನು ಅನ್ಯೋನ್ಯಾಭಾವ, ಸಂಸರ್ಗಾಭಾವ ಎಂದು ಎರಡಾಗಿ ವಿಂಗಡಿಸಿದರು. ಗಡಿಗೆಯು ಬಟ್ಟೆಯಲ್ಲ ಎಂಬುದು ಮೊದಲನೆಯದು. ನೆಲದ ಮೇಲೆ ಗಡಿಗೆಯಿಲ್ಲ ಎಂಬುದು ಎರಡನೆಯದು. ಇದನ್ನೇ ಹುಟ್ಟುವ ಮೊದಲಿನ ಅಭಾವ, ನಾಶವಾದ ಮೇಲಿನ ಅಭಾವ, ಅತ್ಯಂತಾಭಾವ ಎಂದು ಮತ್ತೆ ಒಡೆಯುತ್ತಾರೆ. ಸಂಸ್ಕೃತದಲ್ಲಿ ಎರಡಕ್ಕೂ ‘ನ’ ಎಂಬ ಒಂದೇ ನಿಪಾತ. ಆದ್ದರಿಂದ ನೈಯಾಯಿಕರು ವಿಭಕ್ತಿಯನ್ನು ಆಶ್ರಯಿಸಬೇಕಾಯಿತು: ಎರಡು ನಾಮಪದಗಳೂ ಸಮಾನ ವಿಭಕ್ತಿಯಲ್ಲಿದ್ದರೆ ಅನ್ಯೋನ್ಯಾಭಾವದ ಬೋಧ, ಒಂದು ಸಪ್ತಮಿಯಲ್ಲಿದ್ದರೆ ಸಂಸರ್ಗಾಭಾವದ ಬೋಧ. ಅವರು ಲಕ್ಷಣ ಕಟ್ಟಿ ಸಾಧಿಸಿದ್ದನ್ನು ಕನ್ನಡವು ಬಹುಮಟ್ಟಿಗೆ ಪದಕೋಶದಲ್ಲೇ ಇಟ್ಟುಕೊಂಡಿದೆ. ಈ ಹೊಂದಿಕೆ ಪೂರ್ಣವಲ್ಲ: ಕ್ರಿಯಾನಿಷೇಧದಲ್ಲಿ ‘ಇಲ್ಲ’ ಎಂಬುದು ಅಸ್ತಿತ್ವದ ಕ್ಷೇತ್ರವನ್ನು ದಾಟಿ ಹೋಗುತ್ತದೆ, ‘ನೋಡೆನು’, ‘ಬಾರೆನು’ ಮುಂತಾದ ಹಳೆಯ ನಿಷೇಧರೂಪಗಳಲ್ಲಿ ಎರಡೂ ಪದಗಳಿಲ್ಲದೆ, ಕಾಲಪ್ರತ್ಯಯದ ಗೈರುಹಾಜರಿಯೇ ನಿಷೇಧವನ್ನು ಸೂಚಿಸುತ್ತದೆ. ಆದರೂ ನಾಮವಾಕ್ಯಗಳ ಮಟ್ಟಿಗೆ ಹೊಂದಿಕೆ ಗಟ್ಟಿಯಾಗಿದೆ.

ಧ್ವನಿಮಾವಿಜ್ಞಾನದ ಓದುಗರಿಗೆ ಇದು ಇನ್ನೊಂದು ವಿಂಗಡಣೆಯನ್ನು ನೆನಪಿಸದಿರದು. 1939ರಲ್ಲಿ ಪ್ರಕಟವಾದ ಗ್ರಂಥದಲ್ಲಿ ತ್ರುಬೆಟ್ಸ್‌ಕೋಯ್ ಧ್ವನಿಮಾ ವೈರುಧ್ಯಗಳನ್ನು ಮೂರು ಬಗೆಯಾಗಿ ಕಂಡ. ಒಂದರಲ್ಲಿ ಲಕ್ಷಣವಿದ್ದು ಇನ್ನೊಂದರಲ್ಲಿ ಅದು ಇಲ್ಲದಿರುವುದು ಮೊದಲ ಬಗೆ; ಒಂದೇ ಲಕ್ಷಣ ಹೆಚ್ಚು ಕಡಿಮೆ ಪ್ರಮಾಣದಲ್ಲಿರುವುದು ಎರಡನೆಯದು; ಎರಡಕ್ಕೂ ತಮ್ಮದೇ ಲಕ್ಷಣಗಳಿದ್ದು ಒಂದು ಇನ್ನೊಂದಲ್ಲದಿರುವುದು ಮೂರನೆಯದು. ಯಾಕೊಬ್ಸನ್, ಫಾಂಟ್ ಮತ್ತು ಹಾಲೆ 1952ರಲ್ಲಿ ಇವೆಲ್ಲವನ್ನೂ ಎರಡು ಬೆಲೆಗಳ ಲಕ್ಷಣಗಳಿಗೆ ಇಳಿಸಿದರು. ವಿಶ್ಲೇಷಣೆಗೆ ಅದರಿಂದ ಅಪಾರ ಸೌಲಭ್ಯ ದೊರೆಯಿತು. ಆದರೆ ‘ಇಲ್ಲ’ದ ವೈರುಧ್ಯ, ‘ಅಲ್ಲ’ದ ವೈರುಧ್ಯ, ‘ಅಷ್ಟಿಲ್ಲ’ದ ವೈರುಧ್ಯ ಮೂರಕ್ಕೂ ಒಂದೇ ಋಣಚಿಹ್ನೆ ಬಿತ್ತು. ಮರದ ಮೇಲಿನ ಅಡಕೆ ಎಳೆಯದರಿಂದ ಹಣ್ಣಿನವರೆಗೆ ಎಡೆಬಿಡದೆ ಬಲಿಯುತ್ತದೆ. ಕೊನೆಗಾರನ ಕತ್ತಿಗೆ ಮಾತ್ರ ಕೊಯ್ಯುವುದು, ಬಿಡುವುದು ಎಂಬ ಎರಡೇ ದಾರಿ. ನಿರ್ಧಾರವು ಎರಡರದ್ದಾದ ಮಾತ್ರಕ್ಕೆ ವಸ್ತುವೂ ಎರಡರದ್ದೆಂದು ತಿಳಿಯಲಾಗದು.

ಈಗ ಯಂತ್ರದ ಕಡೆಗೆ ತಿರುಗೋಣ. ಗಣಕದ ಸ್ಮೃತಿಯ ಒಂದು ಬಿಟ್‌ನಲ್ಲಿ 0 ಇದೆಯೆಂದರೆ ಅಲ್ಲಿ ಏನೂ ಇಲ್ಲವೆಂದು ಅರ್ಥವಲ್ಲ. ಅಲ್ಲಿ ಒಂದು ಸ್ಥಿತಿಯಿದೆ. ಅದು 1 ಎಂಬ ಸ್ಥಿತಿಯಲ್ಲ. 0 ಮತ್ತು 1ರ ನಡುವಣ ಸಂಬಂಧ ಅನ್ಯೋನ್ಯಾಭಾವ. ‘ಇಲ್ಲಿ ಯಾವ ಬೆಲೆಯೂ ಇಲ್ಲ’ ಎಂದು ಹೇಳಲು ಆ ಬಿಟ್‌ಗೆ ಬಾಯಿಲ್ಲ. ಹಾಗೆ ಹೇಳಬೇಕಾದರೆ ‘ಆ ಬೆಲೆ ನಂಬತಕ್ಕದ್ದೋ’ ಎಂಬುದಕ್ಕೆ ಇನ್ನೊಂದು ಬಿಟ್ಟನ್ನು ಮೀಸಲಿಡಬೇಕು, ಇಲ್ಲವೇ ಯಾವುದಾದರೊಂದು ಸಂಕೇತವನ್ನು ಖಾಲಿಯೆಂದು ಓದುವ ಒಪ್ಪಂದ ಮಾಡಿಕೊಳ್ಳಬೇಕು. ಅಂದರೆ ಯಂತ್ರಕ್ಕೆ ಹುಟ್ಟಿನಿಂದ ಬಂದದ್ದು ‘ಅಲ್ಲ’ ಮಾತ್ರ. ‘ಇಲ್ಲ’ ಎಂಬುದನ್ನು ಅದಕ್ಕೆ ನಾವು ಕೊಡಬೇಕು. 1 ಎಂದರೆ ಹೌದು, 0 ಎಂದರೆ ಇಲ್ಲ ಎಂಬ ಪಾಠವು ತಪ್ಪುವುದು ಇಲ್ಲಿಯೇ.

ದತ್ತಸಂಚಯಗಳ ಇತಿಹಾಸ ಇದಕ್ಕೆ ಪುರಾವೆ. ಸಂಬಂಧಾಧಾರಿತ ದತ್ತಸಂಚಯದ ಮಾದರಿಯನ್ನು 1970ರಲ್ಲಿ ಮಂಡಿಸಿದ ಇ.ಎಫ್. ಕಾಡ್, ಬೆಲೆಯಿಲ್ಲದ ಮನೆಗಳಿಗೆ ‘ನಲ್’ ಎಂಬ ಗುರುತನ್ನು ಸೂಚಿಸಿದ. ಅದರೊಂದಿಗೆ ಮೂರು ಮೌಲ್ಯಗಳ ತರ್ಕ ಒಳಬಂತು. ಆ ಖಾಲಿತನವೂ ಒಂದೇ ಬಗೆಯದಲ್ಲವೆಂದು ಕಂಡು 1990ರ ಗ್ರಂಥದಲ್ಲಿ ‘ಇರಬೇಕಾದದ್ದು ದೊರೆತಿಲ್ಲ’, ‘ಇಲ್ಲಿ ಅನ್ವಯವೇ ಆಗದು’ ಎಂಬ ಎರಡು ಗುರುತುಗಳನ್ನು ಅವನು ಬೇರ್ಪಡಿಸಿದ. ತರ್ಕವು ನಾಲ್ಕು ಮೌಲ್ಯಗಳದ್ದಾಯಿತು. ಬೇರೆ ಬೇರೆ ಪ್ರಶ್ನೆಗಳನ್ನು ಬೇರ್ಪಡಿಸದೆ ಒಂದೇ ಪ್ರಶ್ನೆಗೆ ಉತ್ತರಗಳನ್ನು ಹೆಚ್ಚಿಸುತ್ತ ಹೋದುದರ ಫಲವಿದು.

5. ಅನಿರ್ವಚನೀಯವು ಮೂರನೆಯ ಮೌಲ್ಯವೇ?

ಮೌಲ್ಯಗಳನ್ನು ಹೆಚ್ಚಿಸುವುದೋ ಪ್ರಶ್ನೆಗಳನ್ನು ಬೇರ್ಪಡಿಸುವುದೋ ಎಂಬ ಈ ಆಯ್ಕೆಯೇ ಮೊದಲ ಭಾಗದಲ್ಲಿ ಹೇಳಿದ ಎರಡನೆಯ ನಿರ್ಣಯಕ್ಕೂ ಒರೆಗಲ್ಲು. ಸತ್ತೂ ಅಲ್ಲದ, ಅಸತ್ತೂ ಅಲ್ಲದ ‘ಸದಸದ್ವಿಲಕ್ಷಣ’ವನ್ನು ಅದ್ವೈತಿಗಳು ಒಪ್ಪುವುದರಿಂದ ಅವರ ತರ್ಕ ದ್ವಿಮೌಲ್ಯವನ್ನು ಮೀರಿದ್ದು ಎಂಬುದು ಇಂದಿನ ಜನಪ್ರಿಯ ವ್ಯಾಖ್ಯಾನ. ಅದ್ವೈತದ ಪೀಠವಾದ ಶೃಂಗೇರಿಯ ಹೆಸರನ್ನೂ ಈ ಮಾತಿಗೆ ಜೋಡಿಸುವುದುಂಟು.

ಆದರೆ ಅಲ್ಲಿ ಭಾದ್ರಪದದಲ್ಲಿ ನಡೆಯುವ ಮಹಾಗಣಪತಿ ವಾಕ್ಯಾರ್ಥಸಭೆಯಲ್ಲಿ ಮುಂದುವರಿದಿರುವ ಶಾಸ್ತ್ರಾರ್ಥಪದ್ಧತಿಯನ್ನು ನೋಡಿದರೆ ಈ ವ್ಯಾಖ್ಯಾನದಲ್ಲಿ ಅನುಮಾನ ಮೂಡುತ್ತದೆ. ಪ್ರತಿವಾದಿಯ ಮುಂದೆ ಎರಡು ವಿಕಲ್ಪಗಳನ್ನಿಟ್ಟು, ಯಾವುದನ್ನು ಹಿಡಿದರೂ ದೋಷವೆಂದು ತೋರಿಸುವುದು ಆ ಪದ್ಧತಿಯ ಮುಖ್ಯ ಆಯುಧ. ಎರಡೂ ಕಡೆ ಕುಣಿಕೆಯಿರುವ ಹಗ್ಗವೆಂದು ಅದನ್ನು ಕರೆಯುತ್ತಾರೆ. ಮೂರನೆಯ ದಾರಿಯನ್ನು ಸುಮ್ಮನೆ ಒಪ್ಪುವ ಪರಂಪರೆಯಲ್ಲಿ ಈ ಆಯುಧಕ್ಕೆ ಹರಿತವೇ ಇರುತ್ತಿರಲಿಲ್ಲ.

ಅನಿರ್ವಚನೀಯದ ಮೇಲೆ ಬಿದ್ದ ಪ್ರಬಲವಾದ ಪೆಟ್ಟು ಕರ್ನಾಟಕದ್ದೇ. ವ್ಯಾಸತೀರ್ಥರು (1460–1539) ‘ನ್ಯಾಯಾಮೃತ’ದಲ್ಲಿ ಎತ್ತಿದ ಆಕ್ಷೇಪದ ತಿರುಳು ಇದು: ಸತ್ತು ಮತ್ತು ಅಸತ್ತು ಒಂದರ ನಿಷೇಧ ಇನ್ನೊಂದು. ಒಂದನ್ನು ಅಲ್ಲಗಳೆದೊಡನೆ ಇನ್ನೊಂದನ್ನು ಒಪ್ಪಿದಂತೆ. ಎರಡನ್ನೂ ಅಲ್ಲಗಳೆಯುವುದು ವ್ಯಾಘಾತ. ಇದು ಅಪ್ಪಟ ದ್ವಿಮೌಲ್ಯದ ವಾದ. ‘ಅದ್ವೈತಸಿದ್ಧಿ’ಯಲ್ಲಿ ಇದಕ್ಕೆ ಉತ್ತರಿಸಿದ ಮಧುಸೂದನ ಸರಸ್ವತಿಗಳು ‘ನಮ್ಮ ತರ್ಕವೇ ಬೇರೆ’ ಎಂದು ಜಾರಿಕೊಳ್ಳುವುದಿಲ್ಲ. ವ್ಯಾಘಾತವು ದೋಷವೆಂಬುದನ್ನು ಒಪ್ಪಿಯೇ, ಸತ್ತು-ಅಸತ್ತುಗಳು ಪರಸ್ಪರ ನಿಷೇಧಗಳೆಂಬ ಮಾತನ್ನು ಅಲ್ಲಗಳೆಯುತ್ತಾರೆ. ಮೂರು ಕಾಲಗಳಲ್ಲೂ ಬಾಧೆಗೊಳಗಾಗದ್ದು ಸತ್ತು. ಎಲ್ಲಿಯೂ ಇರುವಂತೆ ತೋರಿಬರಲು ಅರ್ಹವಲ್ಲದ್ದು ಅಸತ್ತು. ಮೊಲದ ಕೊಂಬು ಅಂಥದ್ದು. ಸಿಂಪಿಯಲ್ಲಿ ಕಂಡ ಬೆಳ್ಳಿ ಇರುವಂತೆ ತೋರಿತು, ಆಮೇಲೆ ಬಾಧಿತವಾಯಿತು. ಆದ್ದರಿಂದ ಅದು ಎರಡೂ ಅಲ್ಲ.

ಇದನ್ನು ಇಂದಿನ ಪರಿಭಾಷೆಯಲ್ಲಿ ಪುನರ್ರಚಿಸಿದರೆ ಎರಡು ಪ್ರಶ್ನೆಗಳು ದೊರೆಯುತ್ತವೆ. ‘ಇರುವಂತೆ ತೋರುತ್ತದೆಯೇ?’ ಎಂಬುದು ಮೊದಲನೆಯದು. ‘ತೋರಿದ್ದು ಮುಂದೆ ಬಾಧಿತವಾಗುತ್ತದೆಯೇ?’ ಎಂಬುದು ಎರಡನೆಯದು. ಮೊದಲನೆಯದಕ್ಕೆ ನಿಷೇಧದ ಉತ್ತರ ಬಂದರೆ ಎರಡನೆಯದು ಏಳುವುದೇ ಇಲ್ಲ. ಎರಡೆರಡು ಕವಲಿನ ಪ್ರಶ್ನೆಗಳು ಒಂದರ ಮೇಲೊಂದು ಬಂದಾಗ ಮೂರು ಫಲಗಳು ಸಿಗುತ್ತವೆ. ಆದರೆ ಯಾವ ಕವಲಿನಲ್ಲೂ ಮೂರನೆಯ ಮೌಲ್ಯವಿಲ್ಲ. ಅನಿರ್ವಚನೀಯವು ಮೂರನೆಯ ಉತ್ತರವಲ್ಲ, ಎರಡನೆಯ ಪ್ರಶ್ನೆಯಿಂದ ಹುಟ್ಟಿದ ಫಲ. ಮಧುಸೂದನರು ಬಿಟ್‌ಗಳಲ್ಲಿ ಆಲೋಚಿಸಿದರೆಂದು ಇದರ ಅರ್ಥವಲ್ಲ. ಅವರ ವಾದದ ಆಕಾರ ದ್ವಿಮೌಲ್ಯಕ್ಕೆ ಒಗ್ಗುತ್ತದೆಂಬುದಷ್ಟೇ ಇಲ್ಲಿನ ಹೇಳಿಕೆ. ಅವರ ಲಕ್ಷಣಗಳನ್ನು ಒಪ್ಪಬೇಕೋ ಬೇಡವೋ ಎಂಬುದು ದ್ವೈತ-ಅದ್ವೈತಗಳ ನಡುವಣ ಬೇರೆಯೇ ವಿವಾದ.

ಹದಿನಾಲ್ಕನೆಯ ಶತಮಾನದಲ್ಲಿ ಶೃಂಗೇರಿಯ ಪೀಠದಲ್ಲಿದ್ದ ವಿದ್ಯಾರಣ್ಯರ ‘ಪಂಚದಶೀ’ಯಲ್ಲೂ ಇಂಥದೇ ಮಾರ್ಗ ಕಾಣುತ್ತದೆ. ಶ್ರುತಿಯ ದೃಷ್ಟಿಗೆ ಮಾಯೆ ತುಚ್ಛ, ಯುಕ್ತಿಯ ದೃಷ್ಟಿಗೆ ಅನಿರ್ವಚನೀಯ, ಲೋಕದ ದೃಷ್ಟಿಗೆ ವಾಸ್ತವ ಎಂದು ಅವರು ವಿಂಗಡಿಸುತ್ತಾರೆ. ಕೇಳುವವರು ಬೇರೆಯಾದಾಗ ಕೇಳಿದ ಪ್ರಶ್ನೆ ಬೇರೆಯಾಗುತ್ತದೆ; ಒಂದೊಂದು ಪ್ರಶ್ನೆಯೊಳಗೂ ಉತ್ತರ ಖಚಿತವಾಗಿಯೇ ಇದೆ.

6. ಆಕ್ಷೇಪಗಳು

ಈ ವಾದಕ್ಕೆ ಮೂರು ಆಕ್ಷೇಪಗಳು ಬರಬಹುದು.

ಕನ್ನಡಕ್ಕೆ ಎರಡು ನಿಷೇಧಪದಗಳಿರುವುದರಿಂದ ಕನ್ನಡಿಗರ ಚಿಂತನೆ ಹೆಚ್ಚು ಸೂಕ್ಷ್ಮವೆಂದು ಇಲ್ಲಿ ಹೇಳಹೊರಟಂತಿದೆ ಎಂಬುದು ಮೊದಲನೆಯದು. ಹಾಗೇನೂ ಇಲ್ಲ. ಒಂದೇ ‘ನ’ಕಾರವಿದ್ದ ಸಂಸ್ಕೃತದಲ್ಲಿ ನೈಯಾಯಿಕರು ಈ ಭೇದವನ್ನು ಎಲ್ಲರಿಗಿಂತ ನಿಷ್ಕೃಷ್ಟವಾಗಿ ನಿರೂಪಿಸಿದರು, ಒಂದೇ ‘ಇಲ್ಲೈ’ ಬಳಸುವ ತಮಿಳರು ವೈದ್ಯನಲ್ಲದವನನ್ನೂ ವೈದ್ಯನಿಲ್ಲದ ಊರನ್ನೂ ಬೆರೆಸುವುದಿಲ್ಲ. ನಗರದ ಕನ್ನಡದಲ್ಲಿ ‘ನೀವು ಡಾಕ್ಟರೇ?’ ಎಂಬುದಕ್ಕೆ ‘ಇಲ್ಲ’ ಎಂಬ ಉತ್ತರ ಇಂದು ಕೇಳಿಬರುತ್ತದೆ. ಅದರಿಂದ ಯಾರ ವಿವೇಕವೂ ಕುಗ್ಗಿಲ್ಲ. ಭಾಷೆಯು ಚಿಂತನೆಗೆ ಬೇಲಿ ಹಾಕುವುದಿಲ್ಲ. ಆದರೆ ಚಿಂತನೆಯಲ್ಲಿರುವ ಒಂದು ಭೇದಕ್ಕೆ ಅದು ಸಾಕ್ಷಿ ನುಡಿಯಬಲ್ಲದು. ಕನ್ನಡವು ಇಲ್ಲಿ ಮಾಡುವುದು ಸಾಕ್ಷಿಯ ಕೆಲಸ.

ಎರಡನೆಯ ಆಕ್ಷೇಪ: ತರ್ಕಶಾಸ್ತ್ರವೂ ಈ ಭೇದಗಳನ್ನೆಲ್ಲ ಪ್ರಮಾಣವಾಚಿಗಳಿಂದಲೂ ಆವರಣಗಳಿಂದಲೂ ಸೂಚಿಸಬಲ್ಲದು, ನಿಷೇಧಚಿಹ್ನೆ ಒಂದೇ ಸಾಕು. ಇದು ನಿಜ. ಆದರೆ ಆವರಣವನ್ನು ಎಲ್ಲಿ ಹಾಕಬೇಕೆಂಬ ತಿಳಿವು ಚಿಹ್ನೆಯಿಂದ ಬರುವುದಿಲ್ಲ. ಜೆಫ್ರಿ ಲಿಡ್ಜ್ ಮತ್ತು ಜೂಲಿಯನ್ ಮುಸೊಲಿನೊ 2002ರಲ್ಲಿ ಪ್ರಕಟಿಸಿದ ಅಧ್ಯಯನವು ಇದಕ್ಕೆ ಸಂಬಂಧಿಸಿದ್ದು. ‘ಎರಡು ಪುಸ್ತಕ ಓದಲಿಲ್ಲ’ ಎಂಬ ಬಗೆಯ ವಾಕ್ಯಕ್ಕೆ ಎರಡು ಅರ್ಥಗಳಿವೆ: ಓದಿದ ಪುಸ್ತಕಗಳು ಎರಡಾಗಲಿಲ್ಲ ಎಂಬುದೊಂದು, ಓದದೆ ಉಳಿದವು ಎರಡಿವೆ ಎಂಬುದಿನ್ನೊಂದು. ದೊಡ್ಡವರಿಗೆ ಎರಡೂ ಅರ್ಥಗಳು ಲಭ್ಯ. ನಾಲ್ಕು ವರ್ಷದ ಮಕ್ಕಳು, ಇಂಗ್ಲಿಷಿನವರೂ ಕನ್ನಡದವರೂ, ನಿಷೇಧವು ಸಂಖ್ಯೆಯನ್ನು ಒಳಗೊಳ್ಳುವ ಮೊದಲ ಅರ್ಥದ ಕಡೆಗೇ ಒಲಿದರು. ಕನ್ನಡದಲ್ಲಿ ಸಂಖ್ಯಾಪದ ಮೊದಲು ಬಂದು ನಿಷೇಧವು ಕೊನೆಗೆ ಬರುತ್ತದೆ. ಆದ್ದರಿಂದ ಮಕ್ಕಳನ್ನು ನಡೆಸಿದ್ದು ಪದಗಳ ಸಾಲಲ್ಲ, ವಾಕ್ಯದ ಒಳರಚನೆ ಎಂಬ ನಿರ್ಣಯಕ್ಕೆ ಕನ್ನಡವೇ ನಿರ್ಣಾಯಕ ಆಧಾರವಾಯಿತು. ನಿಷೇಧವೆಂದರೆ ಬೆಲೆಯನ್ನು ಮಗುಚುವ ಕ್ರಿಯೆ ಮಾತ್ರವಲ್ಲ; ಯಾವುದನ್ನು ಮಗುಚಬೇಕೆಂಬುದನ್ನು ರಚನೆಯಿಂದ ಅರಿಯುವ ಕ್ರಿಯೆ.

ಮೂರನೆಯದು: ಇಂದಿನ ನರಜಾಲಗಳು ಎರಡು ಬೆಲೆಗಳಲ್ಲಿ ವ್ಯವಹರಿಸುವುದೇ ಇಲ್ಲ, ಅವು ಭಿನ್ನರಾಶಿಗಳ ಭಾರಗಳನ್ನು ಗುಣಿಸಿ ಕೂಡಿಸುತ್ತವೆ, ಆದ್ದರಿಂದ ಈ ಚರ್ಚೆಯೇ ಹಳತು. ಈ ಆಕ್ಷೇಪ ನಮ್ಮ ವಾದವನ್ನೇ ಬಲಪಡಿಸುತ್ತದೆ. ಆ ಭಾರಗಳೂ ಬಿಟ್‌ಗಳಲ್ಲೇ ಬರೆಯಲ್ಪಟ್ಟಿವೆ. ತಳದಲ್ಲಿ ದ್ವಿಸ್ಥಿತಿಯಿದ್ದ ಮಾತ್ರಕ್ಕೆ ಮೇಲಿನ ಲೆಕ್ಕಾಚಾರವೂ ದ್ವಿಮೌಲ್ಯದ್ದಾಗಬೇಕಿಲ್ಲ. ಮೆಕಲಕ್ ಮತ್ತು ಪಿಟ್ಸ್ 1943ರಲ್ಲಿ ನರಕೋಶದ ಮಿಡಿತವನ್ನು ಪ್ರತಿಜ್ಞಾವಾಕ್ಯಕ್ಕೆ ಸಮೀಕರಿಸಿದ್ದರು. ಫಾನ್ ನಾಯ್ಮನ್‌ನ ಮರಣಾನಂತರ 1958ರಲ್ಲಿ ಬಂದ ಕಿರುಗ್ರಂಥವು ಮಿದುಳಿನ ಆಂತರಿಕ ಭಾಷೆ ನಮ್ಮ ಗಣಿತದ ಭಾಷೆಯಾಗಿರಬೇಕಿಲ್ಲವೆಂದು ಎಚ್ಚರಿಸಿತು. ತಳದ ಸಂಕೇತದಿಂದ ಮೇಲಿನ ಚಿಂತನೆಯನ್ನು ಊಹಿಸುವುದು ಎರಡೂ ಕಡೆ ತಪ್ಪು.

ಸಂಕೇತಕ್ಕೂ ಅರ್ಥಕ್ಕೂ ಇರುವ ಅಂತರವನ್ನು ನಮ್ಮ ಎರಡು ಪದಗಳೇ ತೋರಿಸುತ್ತವೆ. ಯೂನಿಕೋಡ್‌ನಲ್ಲಿ ‘ಅ’ ಇರುವುದು 0ಸಿ85ರಲ್ಲಿ, ‘ಇ’ ಇರುವುದು 0ಸಿ87ರಲ್ಲಿ. ‘ಅಲ್ಲ’ ಮತ್ತು ‘ಇಲ್ಲ’ ಎರಡೂ ನಾಲ್ಕು ನಾಲ್ಕು ಸಂಕೇತಬಿಂದುಗಳ ಪದಗಳು. ಯುಟಿಎಫ್-8ರಲ್ಲಿ ಒಂದೊಂದಕ್ಕೂ 12 ಬೈಟ್, ಅಂದರೆ 96 ಬಿಟ್. ಈ 96ರಲ್ಲಿ ಎರಡು ಪದಗಳನ್ನು ಬೇರ್ಪಡಿಸುವುದು ಸರಿಯಾಗಿ ಒಂದೇ ಬಿಟ್. ಆ ಒಂದು ಬಿಟ್‌ನಲ್ಲಿ ಅನ್ಯೋನ್ಯಾಭಾವ-ಸಂಸರ್ಗಾಭಾವಗಳ ಭೇದವಿದೆಯೆಂದು ಯಾರೂ ಹೇಳಲಾರರು. ಅಲ್ಲಿರುವುದು ವರ್ಣಮಾಲೆಯಲ್ಲಿ ಎರಡು ಸ್ವರಗಳಿಗೆ ದೊರೆತ ಸ್ಥಾನಗಳ ಆಕಸ್ಮಿಕ. ಸಂಕೇತವು ಭೇದವನ್ನು ಕಾಪಾಡುತ್ತದೆ, ತಿಳಿಯುವುದಿಲ್ಲ.

7. ಫಲಿತ

ಈ ಚರ್ಚೆಗೆ ವ್ಯಾವಹಾರಿಕ ಪರಿಣಾಮಗಳೂ ಇವೆ. ಕನ್ನಡದ ಅರ್ಜಿಗಳಲ್ಲೂ ತಂತ್ರಾಂಶಗಳಲ್ಲೂ ಎಲ್ಲ ಪ್ರಶ್ನೆಗಳ ಕೆಳಗೆ ‘ಹೌದು / ಇಲ್ಲ’ ಎಂಬ ಎರಡು ಮನೆಗಳನ್ನಿಡುವುದು ರೂಢಿಯಾಗಿದೆ. ‘ನೀವು ಜಮೀನಿನ ಮಾಲೀಕರೇ?’ ಎಂಬುದಕ್ಕೆ ‘ಹೌದು / ಅಲ್ಲ’, ‘ಪಡಿತರ ಚೀಟಿ ಇದೆಯೇ?’ ಎಂಬುದಕ್ಕೆ ‘ಇದೆ / ಇಲ್ಲ’, ‘ಮುಂದುವರಿಯಬೇಕೇ?’ ಎಂಬುದಕ್ಕೆ ‘ಬೇಕು / ಬೇಡ’ ಎಂದಿಡಲು ಯಂತ್ರಕ್ಕೆ ಯಾವ ಅಡ್ಡಿಯೂ ಇಲ್ಲ. ಮೂರಕ್ಕೂ ತಗಲುವುದು ಒಂದೇ ಬಿಟ್. ಅಡ್ಡಿಯಿರುವುದು ಇಂಗ್ಲಿಷಿನ ಜೋಡಿಯನ್ನೇ ತರ್ಕದ ಜೋಡಿಯೆಂದು ಭಾವಿಸಿದ ನಮ್ಮಲ್ಲಿ.

ಇದಕ್ಕಿಂತ ಗುರುತರವಾದದ್ದು ಭಾಷಾ ದತ್ತಾಂಶದ ಪ್ರಶ್ನೆ. ಭಾರತೀಯ ಭಾಷೆಗಳಿಗಾಗಿ ಭಾರತೀಯ ಮಾನಕ ಬ್ಯೂರೋ ಒಪ್ಪಿದ ಪದವರ್ಗ ಪಟ್ಟಿಯಲ್ಲಿ ನಿಷೇಧದ ನಿಪಾತಕ್ಕೆ ಇರುವುದು ಒಂದೇ ಗುರುತು. ‘ಯೂನಿವರ್ಸಲ್ ಡಿಪೆಂಡೆನ್ಸೀಸ್’ ಯೋಜನೆಯ ಧ್ರುವತೆಯ ಲಕ್ಷಣಕ್ಕೆ ಇರುವುದು ಧನ, ಋಣ ಎಂಬ ಎರಡೇ ಬೆಲೆ. ಬಹುಭಾಷಾ ಹೋಲಿಕೆಗೆ ಇವು ಅಗತ್ಯ. ಆದರೆ ಕನ್ನಡದ ಪಠ್ಯಗಳಿಗೆ ಗುರುತು ಹಚ್ಚುವ ಸಂಶೋಧಕರು ಅಷ್ಟಕ್ಕೇ ನಿಂತರೆ (5) ಮತ್ತು (6)ರ ನಡುವಣ ಭೇದ ದತ್ತಾಂಶದಿಂದಲೇ ಅಳಿಸಿಹೋಗುತ್ತದೆ. ಆ ದತ್ತಾಂಶದಿಂದ ಕಲಿತ ಯಂತ್ರವು ‘ಬಂದದ್ದು ನಿನ್ನೆ ಅಲ್ಲ’ ಎಂಬುದರಿಂದ ‘ಬರಲಿಲ್ಲ’ ಎಂದು ತೀರ್ಮಾನಿಸಿದರೆ ತಪ್ಪು ಯಂತ್ರದ್ದಲ್ಲ. ನಿಷೇಧದ ಬಗೆ, ಅದರ ವ್ಯಾಪ್ತಿ, ಅದು ಮುಟ್ಟದೆ ಬಿಟ್ಟ ಪೂರ್ವಗೃಹೀತ ಎಂಬ ಮೂರನ್ನೂ ಬೇರೆ ಬೇರೆಯಾಗಿ ಗುರುತಿಸುವ ಒಂದು ಪಟ್ಟಿ ಕನ್ನಡಕ್ಕೆ ಬೇಕು. ಶಬ್ದಬೋಧದ ಶಾಸ್ತ್ರಗಳನ್ನೂ ಇಂದಿನ ವಾಕ್ಯವಿಜ್ಞಾನವನ್ನೂ ಬಲ್ಲ ಸಂಶೋಧನಾ ವಿದ್ಯಾರ್ಥಿಗಳಿಗೆ ಇದು ಕೈಗೆಟಕುವ ಕೆಲಸ.

ತಾತ್ತ್ವಿಕವಾಗಿ ಹೇಳುವುದಾದರೆ, ಮನುಷ್ಯನ ಚಿಂತನೆಯನ್ನು ಯಂತ್ರದಿಂದ ಬೇರ್ಪಡಿಸಲು ದ್ವಿಮೌಲ್ಯವನ್ನು ಕೈಬಿಡಬೇಕಿಲ್ಲ. ಯಂತ್ರಕ್ಕೆ ಹತ್ತಿರ ತರಲು ದ್ವಿಮೌಲ್ಯವನ್ನು ಪೂಜಿಸಬೇಕಿಲ್ಲ. ಚಿಂತನೆಯ ಸೂಕ್ಷ್ಮತೆ ಇರುವುದು ಉತ್ತರಗಳ ಸಂಖ್ಯೆಯಲ್ಲಲ್ಲ, ಪ್ರಶ್ನೆಗಳ ವಿಂಗಡಣೆಯಲ್ಲಿ. ಒಂದು ಪ್ರಶ್ನೆ ನೆಟ್ಟಗೆ ನಿಂತ ಮೇಲೆ ಅದಕ್ಕೆ ಎರಡು ಉತ್ತರಗಳು ಸಾಕಾಗಬಹುದು. ಅದು ‘ಅಲ್ಲ’ದ ಪ್ರಶ್ನೆಯೋ ‘ಇಲ್ಲ’ದ ಪ್ರಶ್ನೆಯೋ ಎಂದು ನಿರ್ಧರಿಸುವ ಹೊಣೆ ಮಾತ್ರ 0 ಮತ್ತು 1ಕ್ಕೆ ಸೇರಿದ್ದಲ್ಲ, ಅದು ಭಾಷೆಯನ್ನು ಆಡುವವರದು, ಅದನ್ನು ಅಧ್ಯಯನ ಮಾಡುವವರದು.